ಬಾಡಿಗೆ ಟಯರ್

ಆನೆಕೊಂಡದ ಮಕ್ತುಮ್ ಸಾಬ್‌ನ ಟಯರ್ ಅಂಗಡಿ ಮುಂದೆ ನಿಂಗರಾಜ್‌ನ ಪಿಕಪ್ ಜಾಕಿನ ಮೇಲೆ ನಿಂತಿತ್ತು. ಹದಿನಾಲ್ಕು ವರ್ಷದ ಗಾಡಿ. ಮೂರು ಕೈ ದಾಟಿ ಅವನ ಹತ್ತಿರ ಬಂದು ಎರಡು ವರ್ಷವಾಗಿತ್ತು. ಎಂಜಿನ್ ಅವನ ಮಾತು ಕೇಳುತ್ತಿತ್ತು, ಬಣ್ಣ ಹೊಸದಿತ್ತು, ಟಯರ್ ಮಾತ್ರ ಪೂರ್ತಿ ಬೋಳು. ಅಂದು ಬೆಳಿಗ್ಗೆ ನಾಲ್ಕು ಹೊಸ ಟಯರ್ ಬಾಡಿಗೆಗೆ ಹಾಕಿಸಿಕೊಂಡು ಹೋಗಿ ಎಫ್‌ಸಿ ಪಾಸು ಮಾಡಿಸಿ ಬಂದಿದ್ದ. ಗಾಡಿ ರಸ್ತೆಗೆ ಯೋಗ್ಯ ಎಂಬ ಕಾಗದ ಜೇಬಿನಲ್ಲಿತ್ತು. ಇನ್ನು ಬಾಡಿಗೆಯವನ್ನು ಬಿಚ್ಚಿ ಬೋಳು ಟಯರ್ ಹಾಕುವುದಷ್ಟೇ ಬಾಕಿ. ಹಳೇ ಗಾಡಿಯವರು ಇದನ್ನು ಜಾಣತನ ಎನ್ನುತ್ತಾರೆ. ಮೋಸ ಹೋಗುವವರು ಎದುರಿಗೆ ಕಾಣುವುದಿಲ್ಲವಲ್ಲ.

ಮಕ್ತುಮ್ ಸಾಬ್ ನಟ್ಟು ಬಿಚ್ಚುತ್ತಿದ್ದವನು ಕೈ ತಡೆದ.

"ಹಿಂದಿನವು ಹೆಂಗಾರ ಇರ್ಲಿ, ನಿಂಗರಾಜ. ಮುಂದಕ್ಕೆ ಅರ್ಧ ಸವೆದಿರೋವಾದ್ರೂ ಎರಡು ಹಾಕಿಸ್ಕ. ನೀನು ಬರೇ ಚೀಲ ಹೇರಲ್ಲ, ಹೆಣ್ಮಕ್ಕಳನ್ನ ಕುಂದ್ರಿಸ್ಕಂಡು ಹೋಗ್ತೀಯ."

ನಿಂಗರಾಜ್‌ಗೂ ಅವನದೇ ಕಷ್ಟಗಳಿದ್ದವು. ಹೋದ ತಿಂಗಳು ರೇಡಿಯೇಟರ್, ಈ ತಿಂಗಳು ಕ್ಲಚ್ ಪ್ಲೇಟ್. ಅವನೂರು ನಂದಿಗುಡಿಯಿಂದ ಭತ್ತದ ನಾಟಿಗೆ ಹೋಗುವ ಹೆಂಗಸರಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಗುತ್ತಿರಲಿಲ್ಲ. ತನ್ನ ಗಾಡಿ ನಿಂತರೆ ಅವರ ಕೂಲಿಯೂ ನಿಲ್ಲುತ್ತದೆ ಎಂದ. ನಾಟಿ ಮುಗಿಯಲಿ, ಹಾಕಿಸುತ್ತೇನೆ ಎಂದು ಬೋಳು ಟಯರಿನಲ್ಲೇ ಊರಿಗೆ ಹೋದ.

ಐದನೇ ದಿನ ಹರಿಹರದ ದಾರಿಯಲ್ಲಿ ಎಡಗಡೆಯ ಮುಂದಿನ ಟಯರ್ ಸಿಡಿದು ಗಾಡಿ ಕಾಲುವೆಗೆ ಮಗುಚಿತು. ಹದಿನಾರು ಹೆಂಗಸರಲ್ಲಿ ಹದಿನೈದು ಮಂದಿ ಎದ್ದರು. ಕೆಂಚವ್ವ ಏಳಲಿಲ್ಲ.

ಸಾಮಾನಿನ ಗಾಡಿಯಲ್ಲಿ ಜನ ತುಂಬಿದ್ದಕ್ಕೆ ಕೇಸಾಯಿತು. ಚೂಪು ಕಲ್ಲು ಬಡಿದು ಟಯರ್ ಸಿಡಿಯಿತೆಂದು ನಿಂಗರಾಜ್ ಹೇಳಿಕೆ ಕೊಟ್ಟ. ಹೊಸ ಎಫ್‌ಸಿ ಇದ್ದದ್ದರಿಂದ ಊರೂ ಅದನ್ನೇ ನಂಬಿತು. ಜಾಮೀನಿನ ಮೇಲೆ ಹೊರಬಂದವನು ಊಟ ಬಿಟ್ಟ.

ಕೆಂಚವ್ವನ ಗಂಡ ರೇವಣ್ಣನ ಮನೆಗೆ ಹೋದ. ಹೊಡೆದರೆ ಹೊಡೆಸಿಕೊಳ್ಳೋಣ ಎಂದೇ ಹೋಗಿದ್ದ. ರೇವಣ್ಣ ಚಾಪೆ ಹಾಸಿದ.

"ಊಟ ಬಿಟ್ಟೀಯಂತೆ. ಬ್ಯಾಡಪ್ಪ ಹಂಗೆ. ನಿನ್ನ ತಪ್ಪೇನೈತೆ? ಅವ್ಳು ಆ ಗಾಡಿ ಹತ್ತಾಕೇ ಹೆದರ್ತಿದ್ಲು. ಎಫ್‌ಸಿ ಆತಂತೆ, ಇನ್ನೇನು ಭಯ ಇಲ್ಲ ಅಂತ ಅವತ್ತು ಹೋದ್ಲು."

ಬೈಗುಳವಾಗಿದ್ದರೆ ನಿಂಗರಾಜ್ ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯನ್ನು ತಡೆಯಲಾಗಲಿಲ್ಲ.

"ಕಲ್ಲಲ್ಲ ಮಾವ. ಬಾಡಿಗೆ ಟಯರ್ ತೋರ್ಸಿ ಎಫ್‌ಸಿ ಮಾಡಿಸಿದ್ದೆ. ಅವತ್ತೇ ಬಿಚ್ಚಿಸಿ ಬೋಳು ಹಾಕಿಸ್ದೆ. ಸಾಬ್ರು ಬ್ಯಾಡ ಅಂದಿದ್ರು, ಕೇಳ್ಲಿಲ್ಲ."

ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ರೇವಣ್ಣ ಎದ್ದು ಗೋಡೆಯ ಮೊಳೆಯಿಂದ ಅಂಗಿ ತೆಗೆದುಕೊಂಡ.

"ಇದನ್ನ ಸ್ಟೇಷನ್ನಾಗೂ ಹೇಳ್ತೀಯಾ?"

"ಹೇಳ್ತೀನಿ, ಮಾವ."

"ಹಂಗಾರೆ ನಡಿ. ಇನ್ಮ್ಯಾಲೆ ನನ್ನ ಮಾವ ಅನಬ್ಯಾಡ."

ಹರಿಹರದ ಬಸ್ಸು ಬಂತು. ಒಳಗೆ ಜನ ಕಡಿಮೆ. ಸೀಟಿನಲ್ಲಿ ಕುಳಿತ ನಿಂಗರಾಜ್, ಹಿರಿಯನಿಗೆಂದು ಕಿಟಕಿಯತ್ತ ಸರಿದು ಜಾಗ ಬಿಟ್ಟ. ರೇವಣ್ಣ ಹರಿಹರ ಮುಟ್ಟುವವರೆಗೂ ಕಂಬಿ ಹಿಡಿದು ನಿಂತೇ ಇದ್ದ.