ನಾಲ್ಕನೆಯ ಶೀಲ

"ಅವ್ವ ತೀರೋದ್ಲು," ಎಂದಳು ನಾಗಮಣಿ ಫೋನಿನಲ್ಲಿ. "ಬತ್ತೀರಾ?"

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದ ಶಿವರಾಮುವಿನ ಕೈಯಿಂದ ದಬ್ಬಳ ಜಾರಿತು. ಮೂರು ವರ್ಷದ ಮೇಲೆ ಕೇಳಿದ ದನಿ. ಸಾವಿನ ಸುದ್ದಿಯಲ್ಲೂ ಆ ದನಿಗೆ ಮೈ ಬಿಸಿಯಾಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

"ನಾನೀಗ ಭಿಕ್ಕು ಅಲ್ವಲ್ಲ ನಾಗಮಣಿ. ಮೈಮೇಲಿನ ಕಾವಿ ಚೀವರ ಬಿಚ್ಚಿಸ್ಬುಟ್ರಲ್ಲ."

"ಗೊತ್ತು. ನಿಮ್ ಬಾಯಿಂದ್ಲೇ ಪಂಚಶೀಲ ಏಳಿಸ್ಬೇಕು ಅಂತ ಅವ್ವ ಮಾತು ತಕ್ಕಂಡವ್ಳೆ. ನಿಮ್ದೇನೂ ತಪ್ಪಿಲ್ಲ ಅಂತ ಕೊನೆಗಂಟ ನಂಬ್ಕಂಡಿದ್ಲು."

ಹಾಗೆ ನಂಬಿಸಿದವನು ಅವನೇ. ತಾನಿದ್ದ ಉಮ್ಮತ್ತೂರಿನ ಬುದ್ಧವಿಹಾರಕ್ಕೆ ಹೊಲಿಗೆ ಕಲಿಯಲು ಬರುತ್ತಿದ್ದ ನಾಗಮಣಿಯನ್ನು, ಎಲ್ಲರೂ ಹೋದ ಮೇಲೂ ಉಳಿದುಕೋ ಎಂದು ಕೇಳಿದವನು ಅವನು. ವಿಷಯ ಬಯಲಾಗಿ ಹಿರಿಯರು ಕೂಡಿಸಿ ಕೇಳಿದಾಗ "ಅವಳೇ ಬಂದ್ಲು" ಎಂದವನೂ ಅವನೇ. ಅವಳು ಒಮ್ಮೆ ತಲೆಯೆತ್ತಿ ಅವನನ್ನು ನೋಡಿದ್ದಳು, ಅಷ್ಟೇ. ಅವನ ಚೀವರ ಹೋಯಿತು. ಅವಳಿಗೆ ಮದುವೆಗೆ ಗೊತ್ತಾಗಿದ್ದ ಗಂಡು ಹಿಂದೆ ಸರಿದ. ಮೂಟೆ ಬೆನ್ನಿಗೇರಿದಾಗಲೆಲ್ಲ ಕರ್ಮ ಒಂದಿಷ್ಟು ಸವೆಯಿತು ಎಂದುಕೊಳ್ಳುತ್ತ ಅವನು ಗುಂಡ್ಲುಪೇಟೆಯಲ್ಲಿ ದಿನ ದೂಡಿದ್ದ.

ಉಮ್ಮತ್ತೂರು ತಲುಪುವಾಗ ಮಧ್ಯಾಹ್ನವಾಗುತ್ತ ಬಂದಿತ್ತು. ನಾಗಮಣಿಯ ತಾಯಿ ಮೂಗಮ್ಮನಿಗೆ ಬಿಳಿ ಬಟ್ಟೆ ಹೊದಿಸಿ ಅಂಗಳದಲ್ಲಿ ಮಲಗಿಸಿದ್ದರು. ತಲೆಯ ಬಳಿ ಬುದ್ಧನ ಪಟ, ಬಾಬಾಸಾಹೇಬರ ಪಟ. ಜನ ಅವನನ್ನು ಕಂಡು ದಾರಿ ಬಿಟ್ಟರು, ಯಾರೂ ಕೈಮುಗಿಯಲಿಲ್ಲ.

ಅವನು ಶೀಲಗಳನ್ನು ಒಂದೊಂದಾಗಿ ಹೇಳಿಕೊಡುತ್ತ ಹೋದಂತೆ ಜನ ದನಿಗೂಡಿಸಿದರು. ಕೊಲ್ಲುವುದಿಲ್ಲ. ಕದಿಯುವುದಿಲ್ಲ. ಕಾಮದಲ್ಲಿ ತಪ್ಪಿ ನಡೆಯುವುದಿಲ್ಲ ಎನ್ನುವಾಗ ನಾಗಮಣಿಯ ಒದ್ದೆ ಕೂದಲಿನಿಂದ ಕಣ್ಣು ಕಿತ್ತು ನೆಲ ನೋಡಿದ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯದು ಬಾಯಿಗೆ ಬರಲೇ ಇಲ್ಲ.

"ಅವತ್ತು ನಾನು ಸುಳ್ಳೇಳ್ದೆ," ಎಂದ. "ಕರ್ದೋನು ನಾನು. ಇವ್ಳ ತಪ್ಪಿರ್ನಿಲ್ಲ."

ಯಾರೋ ಕೆಮ್ಮಿದರು. ಅವಳ ಸೋದರಮಾವ ಮಾದಣ್ಣ ಮೇಲೇಳಲು ಹೋದವನು ಹೆಣದ ಕಡೆ ನೋಡಿ ಮತ್ತೆ ಕೂತ.

ನಾಗಮಣಿ ಅಳಲಿಲ್ಲ. "ಮೂರು ವರ್ಸ ಅವ್ವ ನನ್ ಕೈಲಿ ನೀರು ಈಸ್ಕಂಡು ಕುಡಿಯೋವಾಗ್ಲೂ ಮೊಕ ನೋಡ್ತಿರ್ನಿಲ್ಲ," ಎಂದಳು. "ಇದ್ನ ನೆನ್ನೆ ಬಂದು ಏಳಿದ್ರೆ ಆಗ್ತಿತ್ತು."

ಅವನು ಅವಳತ್ತ ಕೈಮುಗಿದ.

"ಮುಂದಿನ್ ಶೀಲ ಏಳಿ," ಎಂದಳು ನಾಗಮಣಿ. "ಬಿಸ್ಲು ಏರ್ತಾ ಅದೆ."

ಒಡೆದ ದನಿಯಲ್ಲಿ ಅವನು ನಾಲ್ಕನೆಯ ಶೀಲ ಹೇಳಿದ. ನಾಗಮಣಿಯೊಬ್ಬಳೇ ದನಿಗೂಡಿಸಿ ಅದನ್ನು ಪೂರ್ತಿ ಹೇಳಿ, ಬಗ್ಗಿ, ಅವ್ವನ ಮುಖದ ಮೇಲೆ ಕೂತ ನೊಣ ಓಡಿಸಿದಳು.