ಫೋನಕ್ಕ ಬಿಡಿಸಿದ ಪುಟ

ಯಾರ ಮೇಜಿನ ಫೋನು ಬಡಿದುಕೊಂಡರೂ ತಮ್ಮ ಕುರ್ಚಿಯನ್ನು ಹಿಂದಕ್ಕೆ ದಬ್ಬಿ, ನಾಲ್ಕೇ ದಾಪುಗಾಲಿನಲ್ಲಿ ಅಲ್ಲಿಗೆ ಧಾವಿಸಿ, ಮೇಜಿನ ಒಡೆಯ ಕೈಚಾಚುವ ಮೊದಲೇ ಅದನ್ನು ಎತ್ತಿಕೊಳ್ಳುವುದು ಅವರ ಹುಟ್ಟುಗುಣ. ಅವರ ನಿಜನಾಮಧೇಯ ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಕಚೇರಿಗೆಲ್ಲ ಅವರು ಫೋನಕ್ಕ. ವ್ಯಾಪಾರಸ್ಥರ ವೆಬ್‌ಸೈಟುಗಳಿಗೆ ರೂಪ ಕೊಡುವುದು ಅವರ ಉದ್ಯೋಗ, ಆ ರೂಪಕ್ಕೆ ಮಾತು ಕೂಡಿಸುವುದು ಪಕ್ಕದ ಮೇಜಿನ ನನ್ನದು.

ಇತರ ವಿನ್ಯಾಸಕರು ಬಣ್ಣದಿಂದ ಆರಂಭಿಸಿದರೆ, ಫೋನಕ್ಕ ಮೊದಲು ಗಿರಾಕಿಯ ಅಂಗಡಿಗೇ ಹೋಗಿ ಎರಡು ದಿನ ಅಲ್ಲಿ ಬರುವ ಕರೆಗಳನ್ನೆಲ್ಲ ತಾವೇ ಎತ್ತಿ ಮಾತಾಡುತ್ತಿದ್ದರು. ಮೊಣಕೈ ಸವೆದು ಜೇಬು ಜೋತುಬಿದ್ದ ಕಂದು ಸ್ವೆಟರಿನ ತುಂಬ, ಕರೆಮಾಡಿದವರು ಕೇಳಿದ್ದನ್ನು ಬರೆದುಕೊಂಡ ಚೀಟಿಗಳನ್ನು ತುರುಕಿಕೊಂಡು ಹಿಂದಿರುಗಿ, ಅವನ್ನೆಲ್ಲ ಮೇಜಿನ ಮೇಲೆ ಹರಡಿ, ಜನ ಮೊಟ್ಟಮೊದಲು ಕೇಳಿದ್ದು ಯಾವುದೋ ಅದರ ಉತ್ತರವೇ ಪುಟದ ನೆತ್ತಿಗೆ ಎಂದು ತೀರ್ಪಿತ್ತು, ಆನಂತರ ಪೆನ್ಸಿಲಿನಿಂದ ಚೌಕಗಳನ್ನು ಎಳೆಯುತ್ತಿದ್ದರು. ಬಣ್ಣದ ಸರದಿ ಬರುತ್ತಿದ್ದುದು ಕಟ್ಟಕಡೆಗೆ. "ಚಂದ ಆಮೇಲೆ ಕಣಯ್ಯ, ಬಂದೋರಿಗೆ ಮೊದಲು ಉತ್ತರ ಸಿಗ್ಲಿ" ಎನ್ನುತ್ತ ನನ್ನ ಸಾಲಂಕೃತ ವಾಕ್ಯಗಳನ್ನು ಮುಲಾಜಿಲ್ಲದೆ ಕತ್ತರಿಸುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ!

ಈ ನಿಧಾನ ಎಲ್ಲರಿಗೂ ಒಗ್ಗಲಿಲ್ಲ. ಇಬ್ಬರು ಗಿರಾಕಿಗಳು ಬೇಸತ್ತು ಬೇರೆ ಕಚೇರಿ ಹಿಡಿದ ಮೇಲೆ ನಮ್ಮ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಈ ಗಾಲಿಕುರ್ಚಿ ರಿಪೇರಿಯವರೂ ಬಿಟ್ಟುಹೋದ್ರೆ ನೀವು ಬೇರೆ ಕೆಲ್ಸ ನೋಡ್ಕೊಳ್ಳಿ."

ರಿಪೇರಿಯವರು ಅರವತ್ತರ ಗಟ್ಟಿಗರು. ಬೆರಳಿಗೆ ಸದಾ ಎಣ್ಣೆಮಸಿ, ಮೂಗಿನ ತುದಿಯಲ್ಲೇ ಕೋಪ. ಹೊಸದಾಗಿ ಕಟ್ಟಿಸಿದ ಅಂಗಡಿಯ ಮುಂಭಾಗ ಪುಟದ ತುಂಬ ರಾರಾಜಿಸಬೇಕು, ಅದರಡಿ ದಾರಿ ತೋರುವ ನಕ್ಷೆಯಿರಬೇಕು ಎಂಬುದೊಂದೇ ಅವರ ಆಸೆ. ಫೋನಕ್ಕ ತೆರೆದು ತೋರಿಸಿದ ಪುಟದಲ್ಲಾದರೋ ಅಂಗಡಿ ಎಲ್ಲೋ ಕೆಳಗೆ ಬೆಂಕಿಪೊಟ್ಟಣದಷ್ಟಿತ್ತು. ಮೇಲೆ ದಪ್ಪಕ್ಷರದಲ್ಲಿ ಒಂದೇ ಸಾಲು: "ನೀವು ಬರುವುದು ಬೇಡ, ನಾವೇ ಮನೆಗೆ ಬರುತ್ತೇವೆ."

"ಇದೇನಮ್ಮಾ ಇದು! ಬರೋರನ್ನ ಬರ್ಬೇಡಿ ಅಂತೀರಲ್ಲ! ಮತ್ತೆ ಇಷ್ಟು ದೊಡ್ಡ ಅಂಗಡಿ ಯಾಕೆ ಕಟ್ಟಿಸ್ದೆ ನಾನು?" ಎಂದು ರಿಪೇರಿಯವರು ಎದ್ದೇಬಿಟ್ಟರು. ಯಜಮಾನರ ಮುಖ ಬಿಳಿಚಿಕೊಂಡಿತು. ಫೋನಕ್ಕನ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂದುಕೊಂಡೆ. ಹಳೆಯ ಉರಿಯೆಲ್ಲ ಮರೆತು ಅವರ ಪಕ್ಕಕ್ಕೆ ಸರಿದು ನಿಂತೆ.

ಫೋನಕ್ಕ ಸ್ವೆಟರಿನ ಜೇಬನ್ನು ಮೇಜಿನ ಮೇಲೆ ಕೊಡವಿದರು. ಹದಿನೇಳು ಚೀಟಿಗಳು ಉದುರಿದವು. "ನಿಮ್ಮಂಗಡಿಗೆ ಬಂದ ಫೋನುಗಳು ಅಣ್ಣಾ. ಓದಿ."

ರಿಪೇರಿಯವರು ನಿಂತೇ ಓದತೊಡಗಿದರು. "ಅಮ್ಮನ ಕುರ್ಚಿ ಗಾಲಿ ಮುರಿದಿದೆ, ಅಲ್ಲೀತನಕ ಹೆಂಗೆ ಕರ್ಕೊಂಡ್ ಬರೋದು?" ಇನ್ನೊಂದು: "ಕುರ್ಚಿ ಅಲ್ಲಾಡ್ತಿಲ್ಲ, ಮನೇಲಿ ನಾನೊಬ್ಳೇ. ಹೆಂಗೆ ಬರ್ಲಿ?" ನಾಲ್ಕನೆಯದಕ್ಕೆ ದನಿ ತಗ್ಗಿತು, ಏಳನೆಯದಕ್ಕೆ ಕುರ್ಚಿ ಎಳೆದುಕೊಂಡು ಕುಳಿತರು.

"ಮನೆಗೇ ಹೋಗಿ ಮಾಡ್ಕೊಡ್ತೀನಲ್ಲಮ್ಮಾ, ಇಪ್ಪತ್ತು ವರ್ಷದಿಂದ. ಅದನ್ನೇನು ಹೇಳ್ಕೊಳ್ಳೋದು?"

"ಹೇಳ್ದಿದ್ರೆ ಅವ್ರಿಗೆ ಹೆಂಗಣ್ಣಾ ಗೊತ್ತಾಗ್ಬೇಕು? ಇವ್ರು ಫೋನಾದ್ರೂ ಮಾಡಿದ್ರು. ಸಂಕೋಚಪಟ್ಕೊಂಡು ಸುಮ್ನೆ ಕೂತೋರು ಎಷ್ಟು ಜನ್ವೋ!"

ರಿಪೇರಿಯವರು ಚೀಟಿಗಳನ್ನೆಲ್ಲ ಒಟ್ಟುಮಾಡಿ ಫೋನಕ್ಕನ ಕೈಗಿತ್ತರು. ಬಳಿಕ ಪುಟದತ್ತ ಬೆರಳು ತೋರಿಸಿ, "ಅಂಗಡೀನ ಇನ್ನೂ ಚಿಕ್ಕದು ಮಾಡಿ. ಫೋನ್ ನಂಬರ್ ದೊಡ್ಡದಾಗ್ಲಿ" ಎಂದರು. ಫೋನಕ್ಕನ ಕೆಲಸ ಉಳಿಯಿತು. ನಮ್ಮ ಯಜಮಾನರು, "ನಾನು ಮೊದ್ಲಿಂದ್ಲೂ ಇದನ್ನೇ ಹೇಳ್ತಿದ್ನಲ್ಲ!" ಎಂದು ಎಲ್ಲರ ಮುಖವನ್ನೂ ಒಮ್ಮೆ ನೋಡಿದರು, ನಗು ತಡೆಯಲು ನಾನು ಕಿಟಕಿಯತ್ತ ತಿರುಗಬೇಕಾಯಿತು.

ಕಣ್ಣು ಕೋರೈಸುವುದನ್ನು ಮಾಡುವವರಿಗೆ ಲೋಕದಲ್ಲಿ ಚಪ್ಪಾಳೆಗೆ ಬರವಿಲ್ಲ. ಫೋನಕ್ಕನಂಥವರ ಕುಶಲತೆಯೋ, ಸಫಲವಾದ ಕ್ಷಣದಲ್ಲೇ ಅದೃಶ್ಯವಾಗಿಬಿಡುತ್ತದೆ. ಎಲ್ಲೋ ಒಂದು ಮನೆಯಲ್ಲಿ ದಿಕ್ಕುತೋಚದೆ ಕುಳಿತವರೊಬ್ಬರು ಪುಟ ತೆರೆದು, ಒಂದೇ ಸಾಲು ಓದಿ, "ಸದ್ಯ!" ಎಂದು ನಿಟ್ಟುಸಿರಿಡುತ್ತಾರೆ, ಇದನ್ನು ಬಿಡಿಸಿದವರು ಯಾರೆಂದು ಕೇಳಬೇಕೆಂಬುದು ಅವರಿಗೆ ಹೊಳೆಯುವುದೂ ಇಲ್ಲ.