ಆಶ್ರಯದೊಳಗಿನ ಮಗ್ಗ

ನಮ್ಮ ಲಪ್ಪೇನ್‌ರಾಂತಾ ಊರಿಗೆ ರಷ್ಯಾದ ಗಡಿ ಕೂಗಳತೆಯಲ್ಲಿದೆ. ಯುದ್ಧ ಬಂದರೆ ಎಲ್ಲರೂ ಇಳಿದು ಕೂರಲೆಂದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಬ್ಬಿಣದ ಬಾಗಿಲಿನ ಕಾಂಕ್ರೀಟ್ ಕೋಣೆಯಿದೆ. ಯುದ್ಧ ಬರುವ ತನಕ ಅದರಲ್ಲಿ ನಮ್ಮ ಸೈಕಲ್ಲು, ಸ್ಕೀ, ಮತ್ತು ನೆರೆಮನೆಯ ಹಿಲ್ಕಾಜ್ಜಿಯ ಮಗ್ಗ. ಹಳೇ ಬಟ್ಟೆ ಸೀಳಿ ಜಮಖಾನ ನೇಯುವುದೆಂದರೆ ಅವಳಿಗೆ ಪ್ರಾಣ.

ಈ ವರ್ಷ ಕೋಣೆಯ ಉಸ್ತುವಾರಿ ನಾಲ್ಕನೇ ಮಹಡಿಯ ರೇಯೊನ ಪಾಲಿಗೆ ಬಂತು. ಮೀಸಲು ಪಡೆಯ ಸಾರ್ಜೆಂಟ್. ತನ್ನ ಬೆಕ್ಕಿಗೂ ಅಪ್ಪಣೆ ಕೊಡುವ ಆಸಾಮಿ. ಭಾನುವಾರ ಎಲ್ಲರೂ ಕೆಳಗಿಳಿಯುವ ತಾಲೀಮು, ಅಷ್ಟರೊಳಗೆ ಎಲ್ಲ ಖಾಲಿಯಾಗಬೇಕು ಎಂದು ಸಾರಿದ.

ಮಗ್ಗ ಆ ಬಾಗಿಲಲ್ಲಿ ತೂರುವುದಿಲ್ಲ. ಬಿಚ್ಚಬೇಕೆಂದರೆ ಅದಕ್ಕೆ ಉದ್ದುದ್ದ ಬಿಗಿದ ಹಾಸಿನ ನೂಲು ಕತ್ತರಿಸಬೇಕು.

"ಕತ್ತರಿ ತಂದ್ರೆ ಮೊದ್ಲು ನಿನ್ನ ಮೀಸೆಗೇ ಹಾಕ್ತೀನಿ ನೋಡು," ಎಂದಳು ಹಿಲ್ಕಾಜ್ಜಿ.

"ರೂಲ್ಸು ಅಂದ್ರೆ ರೂಲ್ಸು, ಅಜ್ಜೀ. ನೂಲು ಬೇರೆ ಸಿಗುತ್ತೆ."

"ನೂಲು ಸಿಗುತ್ತೆ ಕಣೋ. ತೈಮಿ ಸಿಗ್ತಾಳಾ?"

ಮಗ್ಗದ ದಿಂಡಿಗೆ ಹಾಸು ಸುತ್ತಲು ಇಬ್ಬರು ಬೇಕು; ಒಬ್ಬರು ಸುತ್ತಿದರೆ ಇನ್ನೊಬ್ಬರು ಬಿಗಿಯಾಗಿ ಎಳೆದು ಹಿಡಿಯಬೇಕು. ಈ ಹಾಸನ್ನು ಎಳೆದು ಹಿಡಿದವಳು ಅಜ್ಜಿಯ ತಂಗಿ ತೈಮಿ. ಚಳಿಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಅಜ್ಜಿ ಮಗ್ಗದ ಮುಂದೆ ಸುಮ್ಮನೆ ಕೂರುತ್ತಿದ್ದಳು. ನೇಯ್ದರೆ ತಂಗಿ ಹಿಡಿದ ನೂಲು ಮುಗಿದುಹೋಗುತ್ತದಲ್ಲ, ಅದಕ್ಕೆ.

ಮರುದಿನ ರೇಯೊ ಮನೆಮನೆಯ ಬಾಗಿಲು ತಟ್ಟಿದ. "ಕತ್ತರಿಸೋದು ಬೇಡ, ನೇಯ್ದು ಮುಗಿಸೋಣ. ಪಾಳಿ ಹಾಕಿದೀನಿ, ಎಲ್ರೂ ಬರ್ಬೇಕು."

"ನಂಗೆ ನೇಯೋಕೆ ಬರಲ್ಲ ಮಾರಾಯ," ಎಂದೆ.

"ನಂಗೇನ್ ಬರುತ್ತಾ? ಅಜ್ಜಿ ಬೈದ್ರೆ ಬೈಸ್ಕೊಳ್ಳಿ."

ಹೊಟ್ಟೆ ತುಂಬ ಬೈಸಿಕೊಂಡೆವು. ನಾನು ನೇಯ್ದದ್ದು ಸೊಟ್ಟಗಾಯಿತು. ರೇಯೊ ನೇಯ್ದದ್ದರಲ್ಲಿ ಗುಂಡೂ ತೂರದು, ಅಷ್ಟು ಬಿಗಿ. ಶನಿವಾರ ಹಾಸು ಮುಗಿಯಿತು; ಅಜ್ಜಿ ತಾನೇ ಕತ್ತರಿ ಹಿಡಿದು ಜಮಖಾನ ಇಳಿಸಿದಳು, ಅದರಲ್ಲಿ ಮುಖ ಹುದುಗಿಸಿ ಅತ್ತಳು. ನಮ್ಮ ಕಣ್ಣೂ ತುಂಬಿ ಬಂತು.

ಮಗ್ಗ ಬಿಚ್ಚಿ ಹೊರಗೆ ಸಾಗಿಸಿದೆವು. ಭಾನುವಾರ ತಾಲೀಮಿಗೆ ಮುಂಚೆ ಅಜ್ಜಿ ಆ ಜಮಖಾನವನ್ನು ತಂದು ಖಾಲಿ ಕೋಣೆಯ ನಡುವೆ ಹಾಸಿಬಿಟ್ಟಳು.

"ಅಜ್ಜೀ, ಏನೂ ಇರ್ಬಾರ್ದು ಅಂದಿದ್ನಲ್ಲಾ!"

"ಬಾಂಬ್ ಬಿದ್ದಾಗ ಮಕ್ಕಳುಮರಿ ತಣ್ಣನೆ ನೆಲದ ಮೇಲೆ ಕೂರ್ಬೇಕಾ? ನಮ್ ತೈಮೀನೂ ನಿಮ್ ಜೊತೆ ಒಳಗಿರ್ಲಿ ಬಿಡೋ."

ರೇಯೊ ಮೇಲೆ ಹೋಗಿ ಶಿಳ್ಳೆ ಊದಿದ. ನಮ್ಮೆಲ್ಲರ ಮುಂದೆ ದಡದಡ ಇಳಿದವನು ಕಬ್ಬಿಣದ ಬಾಗಿಲ ಬಳಿ ಗಕ್ಕನೆ ನಿಂತ. ಬಗ್ಗಿ ಬೂಟು ಬಿಚ್ಚಿಟ್ಟ. ನಾವೂ ಸಾಲಾಗಿ ಬಿಚ್ಚಿಟ್ಟು ಒಳಗೆ ಹೋದೆವು.